ಬೆನ್ನುಹುರಿಗೆ ಪೆಟ್ಟಾದವರು ವೀಲ್‌ಚೇರ್‌ನಲ್ಲಿ ಮನೆಗೆ ಬರುವ ಮೊದಲು ಮನೆಯನ್ನು ಹೀಗೆ ಸಿದ್ಧ ಮಾಡಿ

ಅಣ್ಣ ಅಡಿಕೆ ಮರದಿಂದ ಬಿದ್ದಿದ್ದು ಮಳೆಗಾಲದಲ್ಲಿ, ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ. ಸೊಂಟದಿಂದ ಸ್ವಲ್ಪ ಮೇಲೆ ಬೆನ್ನುಹುರಿಗೆ ಪೆಟ್ಟು. ಆಪರೇಷನ್ ಆಯಿತು, ಫಿಸಿಯೋಥೆರಪಿ ಆಯಿತು, ದೀಪಾವಳಿ ಕಳೆದ ಮೇಲೆ ವೀಲ್‌ಚೇರ್‌ನಲ್ಲಿ ಮನೆಗೆ ಬಂದ. ನಾಲ್ಕು ಜನ ಸೇರಿ ಅಂಗಳದಿಂದ ಜಗಲಿಗೆ ಚೇರ್ ಸಮೇತ ಎತ್ತಿದೆವು. ನಡುಮನೆ ಬಾಗಿಲಿಗೆ ಬಂದರೆ ಚೇರ್ ಒಳಗೆ ಹೋಗಲೇ ಇಲ್ಲ. ಚಕ್ರ ತಳ್ಳುತ್ತಿದ್ದ ಅವನ ಎರಡೂ ಕೈಯ ಗೆಣ್ಣು ದಾರಂದಕ್ಕೆ ಉಜ್ಜಿ ರಕ್ತ ಬಂತು. ತಾನೇ ಮುಂದೆ ನಿಂತು ರಿಪೇರಿ ಮಾಡಿಸಿದ ಮನೆ ಅದು. ಅವನು ಜಾಸ್ತಿ ಏನೂ ಹೇಳಲಿಲ್ಲ. "ಜಗಲೀಲೇ ಮಂಚ ಹಾಕಿ" ಅಂದ.

ಆಸ್ಪತ್ರೆಯಲ್ಲಿದ್ದ ಅಷ್ಟೂ ತಿಂಗಳಲ್ಲಿ ನಾವು ಮನೆಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವುದು ಹೆಚ್ಚಾಗಿ ಕೈಯಲ್ಲಿ ಶಕ್ತಿ ಇದ್ದು, ಸೊಂಟದ ಕೆಳಗೆ ಸ್ವಾಧೀನ ಇಲ್ಲದವರಿಗೆ. ಕುತ್ತಿಗೆಯ ಹತ್ತಿರ ಪೆಟ್ಟಾಗಿದ್ದರೆ ಕೈಯಲ್ಲೂ ಬಲ ಇರುವುದಿಲ್ಲ. ಆಗ ಬಾಗಿಲು, ಇಳಿಜಾರಿನ ಅಳತೆ ಇವೇ ಆದರೂ ಎತ್ತಿ ಕೂರಿಸುವ ವ್ಯವಸ್ಥೆ ಬೇರೆಯೇ ಬೇಕು. ಅದನ್ನು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಿಕೊಳ್ಳುವುದನ್ನು ಕಲಿಸುವವರು) ಹತ್ತಿರ ಕೇಳಿಯೇ ಮಾಡಿ.

ಮೊದಲು ಎಣಿಸಿ, ಆಮೇಲೆ ಮೇಸ್ತ್ರಿಯನ್ನು ಕರೆಯಿರಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಅವರು ಯಾವ್ಯಾವುದಕ್ಕೆ ಬೇರೆಯವರನ್ನು ಕೂಗುತ್ತಾರೆ ಅಂತ ಬರೆಯಿರಿ. ಫ್ಯಾನ್ ಹಾಕಲು, ಫೋನ್ ಚಾರ್ಜಿಗೆ ಹಾಕಲು, ಬಚ್ಚಲಿಗೆ ಹೋಗಲು, ಕಿಟಕಿ ತೆಗೆಯಲು, ಅಂಗಳಕ್ಕೆ ಬರಲು. ಅತ್ತಿಗೆ ಬರೆದ ಮೊದಲ ದಿನದ ಪಟ್ಟಿಯಲ್ಲಿ 31 ಇತ್ತು. ಅದರಲ್ಲಿ ಹನ್ನೆರಡೋ ಹದಿಮೂರೋ ಒಂದು ರೂಪಾಯಿ ಖರ್ಚಿಲ್ಲದೆ ಸರಿಹೋದವು. ಬಟ್ಟೆಯನ್ನು ಗೋದ್ರೇಜ್ ಬೀರುವಿನ ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಗೆ ಇಳಿಸಿದೆವು, ನೀರಿನ ಹೂಜಿಯನ್ನು ಕಟ್ಟೆಯಿಂದ ಸಣ್ಣ ಸ್ಟೂಲಿನ ಮೇಲಿಟ್ಟೆವು, ಮಂಚದ ಹತ್ತಿರ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿದೆವು, ಅಷ್ಟೇ.

ಆದರೆ ಪಟ್ಟಿಯಲ್ಲಿ ಬರದೇ ಇದ್ದ ಒಂದು ವಿಷಯ ಇತ್ತು. ಅಣ್ಣನ ಲೋಟ ಸಂಜೆವರೆಗೂ ಹೂಜಿಯ ಮೇಲೆ ಬೋರಲಾಗಿಯೇ ಇರುತ್ತಿತ್ತು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು, ಬಚ್ಚಲಿಗೆ ಹೋಗಬೇಕಾದರೆ ಯಾರನ್ನಾದರೂ ಕೂಗಬೇಕು. ಹಾಗಾಗಿ ಅವನು ನೀರನ್ನೇ ಬಿಟ್ಟಿದ್ದ. ಬೆನ್ನುಹುರಿ ಪೆಟ್ಟಿನವರಿಗೆ ಇದು ನೇರವಾಗಿ ಮೂತ್ರದ ಸೋಂಕಿಗೆ, ಕಲ್ಲಿಗೆ ದಾರಿ. ಆದ್ದರಿಂದ ದುಡ್ಡು ಕಡಿಮೆ ಇದ್ದರೆ ಎಲ್ಲಕ್ಕಿಂತ ಮೊದಲು ಬಚ್ಚಲು ಸರಿ ಮಾಡಿ. ಮುಂಬಾಗಿಲ ರ‍್ಯಾಂಪ್ ನಾಲ್ಕು ಜನಕ್ಕೆ ಕಾಣುತ್ತದೆ ಅಂತ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ದಿನಕ್ಕೆ ಐದಾರು ಸಲ ಬೇಕಾಗುವುದು ಮಾತ್ರ ಬಚ್ಚಲು.

ಚೇರ್ ಅಳೆಯಿರಿ, ಆಮೇಲೆ ಮನೆ

ಚೇರಿನ ಅಗಲವನ್ನು ಕೈಯಿಂದ ತಳ್ಳುವ ಹೊರಗಿನ ರಿಂಗ್‌ನಿಂದ ಆ ಕಡೆಯ ರಿಂಗ್‌ವರೆಗೆ ಹಿಡಿಯಿರಿ. ಸಾಮಾನ್ಯವಾಗಿ ಸಿಗುವ ಮಡಚುವ ಚೇರ್ 24ರಿಂದ 26 ಇಂಚು ಇರುತ್ತದೆ. ಎರಡೂ ಕಡೆ ಕೈಗೆ ಎರಡು ಮೂರು ಇಂಚು ಸೇರಿಸಿ. ಅಂದರೆ ಬಾಗಿಲು ತೆರೆದಾಗ 32 ಇಂಚಾದರೂ ಖಾಲಿ ಜಾಗ ಸಿಗಬೇಕು, 36 ಇದ್ದರೆ ಆರಾಮ. ಇದು ದಾರಂದದ ಅಳತೆ ಅಲ್ಲ, ತೆರೆದ ಬಾಗಿಲಿನ ದಪ್ಪ ಕಳೆದು ಉಳಿಯುವ ಜಾಗ. ನಾವು ಇಲ್ಲೇ ತಪ್ಪಿದ್ದು.

ಇನ್ನೊಂದು ಅಳತೆ ಕೂತ ಎತ್ತರ. ಕುಷನ್ ಹಾಕಿ, ಅವರನ್ನು ಕೂರಿಸಿಯೇ ಅಳೆಯಿರಿ, ಯಾಕೆಂದರೆ ಕುಷನ್ ಒಂದೆರಡು ಇಂಚು ತಗ್ಗುತ್ತದೆ. ಮಂಚ, ಕಮೋಡ್, ಸ್ನಾನದ ಸ್ಟೂಲ್ ಎಲ್ಲದಕ್ಕೂ ಇದೇ ಆಧಾರ. ಹಾಗೆಯೇ ಕೂತಲ್ಲಿಂದ ಕೈ ಚಾಚಿದರೆ ಎಷ್ಟು ಎತ್ತರ, ಎಷ್ಟು ತಗ್ಗು ಸಿಗುತ್ತದೆ ಅಂತ ಗೋಡೆ ಮೇಲೆ ಪೆನ್ಸಿಲ್ ಗುರುತು ಹಾಕಿ. ಸ್ವಿಚ್, ಗೂಟ, ಕಪಾಟು ಎಲ್ಲ ಆ ಎರಡು ಗುರುತಿನ ನಡುವೆಯೇ ಬರಬೇಕು.

ಕೊನೆಗೆ ತಿರುಗುವ ಜಾಗ. ಚೇರ್ ಪೂರ್ತಿ ತಿರುಗಲು 5 ಅಡಿ ವೃತ್ತ ಬೇಕು. ಎರಡೂವರೆ ಅಡಿ ದಾರ ತೆಗೆದುಕೊಂಡು ಒಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತ ಎಳೆಯಿರಿ. ಮಲಗುವ ಕೋಣೆ, ನಡುಮನೆ, ಬಚ್ಚಲು, ಮೂರರಲ್ಲೂ ಬರೆದು ನೋಡಿ. ನಮ್ಮ ಮನೆಯ ಕೆಂಪು ಗಾರೆ ನೆಲದ ಮೇಲೆ ಆ ಬಿಳಿ ವೃತ್ತ ಎಳೆದಾಗ ಯಾವ ಸಾಮಾನು ಹೊರಗೆ ಹೋಗಬೇಕು ಅಂತ ಯಾರೂ ವಾದ ಮಾಡಲಿಲ್ಲ. ವೃತ್ತದೊಳಗೆ ಕಾಲು ಚಾಚಿದ್ದ ಅಜ್ಜನ ಕಾಲದ ಮರದ ಪೆಟ್ಟಿಗೆ ಅವತ್ತೇ ಅಟ್ಟ ಹತ್ತಿತು.

ಬಾಗಿಲು, ಹೊಸ್ತಿಲು

ಎರಡು ಮೂರು ಇಂಚು ಮಾತ್ರ ಕಡಿಮೆ ಬಿದ್ದರೆ ಗೋಡೆ ಒಡೆಯಬೇಡಿ. ಬಾಗಿಲ ಹಲಗೆ ತೆಗೆದು ಪರದೆ ಹಾಕಿ, ಅಥವಾ ಗೋಡೆಯ ಹೊರಗಡೆಗೆ ಜಾರುವ ಬಾಗಿಲು ಮಾಡಿಸಿ. ಅದೂ ಸಾಲದಿದ್ದರೆ ದಾರಂದ ತೆಗೆಯಬೇಕು. ಹಳೇ ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆಯಲ್ಲಿ ಎಷ್ಟೋ ಕಡೆ ಮೇಲಿನ ಭಾರ ದಾರಂದದ ಮೇಲೆಯೇ ಕೂತಿರುತ್ತದೆ. ಮೊದಲು ಮೇಲೆ ಭಾರ ಹೊರುವ ಅಡ್ಡ ತೊಲೆ, ಅಂದರೆ ಲಿಂಟಲ್ ಕೊಟ್ಟು, ಆಮೇಲೆ ತೆಗೆಯಲು ಹೇಳಿ.

ಹೊಸ್ತಿಲ ವಿಷಯಕ್ಕೆ ಬಂದರೆ ನಮ್ಮಮ್ಮನಿಗೆ ಕಣ್ಣೀರೇ ಬಂದಿತ್ತು. ದಿನಾ ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲನ್ನು ಕಡಿಯೋದು ಅಂದರೆ ಹೇಗೆ? ಕಡಿಯಲಿಲ್ಲ. ಹೊರಗಿನ ಜಗಲಿಯನ್ನು ಹೊಸ್ತಿಲ ಮೇಲ್ಮೈಗೆ ಸಮ ಬರುವಷ್ಟು ಎತ್ತರಿಸಿದೆವು. ಒಳಗಡೆ ಮೂರು ಇಂಚು ಇಳಿಯುವ ಕಡೆ ಆಚಾರಿಯಿಂದ 3 ಅಡಿ ಉದ್ದದ ಮರದ ಇಳಿಜಾರು ಮಾಡಿಸಿ ಕೂರಿಸಿದೆವು. ಹೊಸ್ತಿಲು ಅಲ್ಲೇ ಇದೆ, ಅಮ್ಮ ಈಗಲೂ ಅದರ ಮೇಲೆ ರಂಗೋಲಿ ಎಳೆಯುತ್ತಾರೆ. ನಿಮ್ಮ ಮನೆಯ ಹಿರಿಯರಿಗೂ ಬೇಜಾರಾಗುವಂತಿದ್ದರೆ ಈ ದಾರಿ ನೋಡಿ. ಒಳಗಿನ ಕೋಣೆಗಳ ಹೊಸ್ತಿಲನ್ನು ಮಾತ್ರ ಪೂರ್ತಿ ತೆಗೆಸಿ. ಅರ್ಧ ಇಂಚು ಉಳಿದರೂ ಮುಂದಿನ ಸಣ್ಣ ಚಕ್ರ ತಡೆದು ಮನುಷ್ಯ ಮುಂದಕ್ಕೆ ಮುಗ್ಗರಿಸುತ್ತಾನೆ.

ರ‍್ಯಾಂಪ್

ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಮೂರು ಮೆಟ್ಟಿಲು ಸೇರಿ 18 ಇಂಚು ಇದ್ದರೆ 18 ಅಡಿ ರ‍್ಯಾಂಪ್. "ಅಷ್ಟುದ್ದ ಯಾಕೆ, 8 ಅಡಿ ಸಾಕು" ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾವೂ ಮೊದಲು ಹಾಗೆ ಗಿಡ್ಡ ಮಾಡಿಸಿದ್ದೆವು. ಹತ್ತುವಾಗ ಅಣ್ಣನ ಚೇರಿನ ಮುಂದಿನ ಚಕ್ರ ಮೇಲಕ್ಕೆ ಎದ್ದಿತು, ಹಿಂದೆ ನಿಂತಿದ್ದ ಹುಡುಗ ಹಿಡಿಯದಿದ್ದರೆ ತಲೆ ಕೆಳಗಾಗಿ ಬೀಳುತ್ತಿದ್ದ. ಆ ರ‍್ಯಾಂಪನ್ನು ಮತ್ತೆ ಒಡೆಸಿದೆವು, ಎರಡು ಖರ್ಚಾಯಿತು. ಜಾಗ ಇಲ್ಲದಿದ್ದರೆ ಜಗಲಿಗೆ ಅಂಟಿಕೊಂಡು ಎಲ್ ಆಕಾರದಲ್ಲಿ ತಿರುಗಿಸಿ. ತಿರುಗುವ ಕಡೆ 5 ಅಡಿಗೆ 5 ಅಡಿ ಸಮತಟ್ಟು ಇರಲಿ. ಮೇಲೆ ಬಾಗಿಲ ಮುಂದೆಯೂ ಅಷ್ಟೇ ಸಮತಟ್ಟು ಬೇಕು, ಇಲ್ಲದಿದ್ದರೆ ಚಿಲಕ ತೆಗೆಯಲು ಕೈ ಬಿಟ್ಟ ಕೂಡಲೇ ಚೇರ್ ಹಿಂದಕ್ಕೆ ಹೊರಡುತ್ತದೆ.

ಅಗಲ 4 ಅಡಿ ಇಡಿ. ಎರಡೂ ಅಂಚಿಗೆ ಮೂರು ನಾಲ್ಕು ಇಂಚು ಎತ್ತರದ ಕಟ್ಟೆ, ಎರಡೂ ಕಡೆ ಹಿಡಿಯಲು ಜಿಐ ಪೈಪ್. ಮಳೆ ಜಾಸ್ತಿ ಇರುವ ಊರಾದರೆ ಇದನ್ನು ಮರೆಯಬೇಡಿ: ಕಾಂಕ್ರೀಟ್ ಹಸಿ ಇರುವಾಗಲೇ ತೆಂಗಿನ ಕಡ್ಡಿ ಪೊರಕೆಯಿಂದ ಅಡ್ಡಡ್ಡಕ್ಕೆ ಗೆರೆ ಎಳೆಸಿ. ಸಿಮೆಂಟ್ ಹಾಲು ಹಾಕಿ ನುಣ್ಣಗೆ ಮಾಡಿದರೆ ಆಷಾಢದ ಹೊತ್ತಿಗೆ ಪಾಚಿ ಕಟ್ಟಿ ಜಾರುಬಂಡೆ ಆಗುತ್ತದೆ. ಮೇಲೆ ಶೀಟ್ ಹಾಕಿಸಲು ಆದರೆ ಹಾಕಿಸಿ. ವೀಲ್‌ಚೇರ್ ತಳ್ಳುವವರಿಗೆ ಕೊಡೆ ಹಿಡಿಯಲು ಇನ್ನೊಂದು ಕೈ ಇರುವುದಿಲ್ಲ.

ಬಚ್ಚಲು: ಇಲ್ಲಿ ಅವಸರ ಬೇಡ

ನಮ್ಮ ಹಳೇ ಬಚ್ಚಲು ಮನೆಯಿಂದ ಹೊರಗೆ, ಎರಡು ಮೆಟ್ಟಿಲು ಕೆಳಗೆ ಇತ್ತು. ಅದನ್ನು ಸರಿ ಮಾಡುವ ಆಸೆ ಬಿಟ್ಟು, ಅಣ್ಣನ ಕೋಣೆಗೆ ತಾಗಿದ್ದ ಉಗ್ರಾಣವನ್ನೇ ಬಚ್ಚಲು ಮಾಡಿದೆವು. ಹಳ್ಳಿ ಮನೆಗಳಲ್ಲಿ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಯಾರೂ ಹೊರಗೆ ಹೋಗುವಂತಾಗಬಾರದು. ಸುಮಾರು 7 ಅಡಿಗೆ 7 ಅಡಿ ಸಿಕ್ಕಿದರೆ ಕಮೋಡ್, ಸ್ನಾನ, ಚೇರ್ ತಿರುಗುವ ಜಾಗ ಎಲ್ಲ ಹಿಡಿಸುತ್ತದೆ.

ನೆಲ ಕೋಣೆಯ ಮಟ್ಟಕ್ಕೇ ಇರಲಿ. ನೀರು ಒಳಗೆ ಬರುತ್ತದೆ ಅಂತ ಮೇಸ್ತ್ರಿ ಒಂದೆರಡು ಇಂಚು ತಗ್ಗಿಸಲು ನೋಡುತ್ತಾರೆ. ಅದರ ಬದಲು ಬಾಗಿಲ ಉದ್ದಕ್ಕೂ ಸಣ್ಣ ಚರಂಡಿ ಮಾಡಿ ಮೇಲೆ ಸ್ಟೀಲ್ ಜಾಲರಿ ಮುಚ್ಚಿಸಿ. ಟೈಲ್ಸ್ ಅಂಗಡಿಯಲ್ಲಿ ಆಂಟಿ ಸ್ಕಿಡ್ ಅಂತ ತೋರಿಸಿದ್ದರ ಮೇಲೆ ಅಲ್ಲೇ ನೀರು ಸುರಿದು, ಸೋಪು ಹಚ್ಚಿ ಕೈಯಿಂದ ಉಜ್ಜಿ ನೋಡಿ ತೆಗೆದುಕೊಳ್ಳಿ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದಿದ್ದರೆ ಒಳಗೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ, ಅಲ್ವಾ?

ಕಮೋಡ್‌ಗೆ ಎರಡು ದಾರಿ. ವೀಲ್‌ಚೇರ್‌ನಿಂದ ಪಕ್ಕಕ್ಕೆ ಸರಿದು ಕೂರುವವರಾದರೆ ಕಮೋಡ್ ಸೀಟಿನ ಎತ್ತರ ಚೇರಿನ ಎತ್ತರಕ್ಕೆ ಹೊಂದಬೇಕು, ಪಕ್ಕದಲ್ಲಿ ಚೇರ್ ನಿಲ್ಲಲು 3 ಅಡಿ ಜಾಗ ಬೇಕು. ಇಲ್ಲದಿದ್ದರೆ ಚಕ್ರ ಇರುವ ಕಮೋಡ್ ಚೇರ್ ತೆಗೆದುಕೊಳ್ಳಿ. ಮಂಚದಿಂದ ಅದಕ್ಕೆ ಸರಿದು ಕೂತರೆ ನೇರವಾಗಿ ಕಮೋಡ್ ಮೇಲೆ ತಳ್ಳಿಕೊಂಡು ಹೋಗಬಹುದು, ಅದರಲ್ಲೇ ಸ್ನಾನವೂ ಆಗುತ್ತದೆ. ಕೊಳ್ಳುವ ಮೊದಲು ಚೇರಿನ ತಳದ ಎತ್ತರ ಅಳೆಯಿರಿ, ಅದು ನಿಮ್ಮ ಕಮೋಡ್‌ಗಿಂತ ಒಂದು ಇಂಚಾದರೂ ಮೇಲಿರಬೇಕು. ಸೀಟು ಮೆತ್ತಗಿರಲೇಬೇಕು. ಬೆಳಗಿನ ಕೆಲಸ ಮುಗಿಯಲು ಇವರಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಮೇಲೆ ಅಷ್ಟು ಹೊತ್ತು ಕೂತರೆ ಚರ್ಮ ಒಡೆಯುತ್ತದೆ, ನೋವೇ ಗೊತ್ತಾಗದ ಕಾರಣ ಯಾರಿಗೂ ತಿಳಿಯುವುದಿಲ್ಲ.

ಹಿಡಿಕೆ ಅಂತ ಟವೆಲ್ ರಾಡ್ ಹಾಕಬೇಡಿ. ಒಂದೂವರೆ ಇಂಚು ದಪ್ಪದ ಸ್ಟೀಲ್ ಪೈಪ್, ಗೋಡೆಯಿಂದ ಎರಡು ಇಂಚು ಬಿಟ್ಟು, ಕಮೋಡ್ ಸೀಟಿಗಿಂತ ಸುಮಾರು 8 ಇಂಚು ಮೇಲೆ. ಮಣ್ಣಿನ ಗೋಡೆಯಲ್ಲಿ, ಹಾಲೋ ಬ್ಲಾಕ್ ಗೋಡೆಯಲ್ಲಿ ಬೋಲ್ಟ್ ನಿಲ್ಲುವುದಿಲ್ಲ. ವೆಲ್ಡಿಂಗ್ ಮಾಡಿಸಿ ನೆಲದ ಕಾಂಕ್ರೀಟಿನಲ್ಲೇ ಕಾಲು ಹೂಳಿಸಿ. ಹಾಕಿದ ಮೇಲೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ದಪ್ಪ ಇರುವವರು ಪೂರ್ತಿ ಭಾರ ಬಿಟ್ಟು ಜೋತು ನೋಡಲಿ.

ಬಿಸಿನೀರಿನ ಬಗ್ಗೆ ಒತ್ತಿ ಹೇಳುತ್ತೇನೆ. ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಹಂಡೆಯಿಂದ ತೋಡಿದ ನೀರನ್ನು ಸೀದಾ ಮೈಮೇಲೆ ಹಾಕಿಕೊಂಡರೆ ಬೊಬ್ಬೆ ಎದ್ದ ಮೇಲೇ ತಿಳಿಯುವುದು. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿದ ಮೇಲೆ ಸ್ನಾನ. ಬಚ್ಚಲೊಲೆ ಒಳಗೇ ಇದ್ದರೆ ಅದರ ಸುತ್ತ ಕಾಲು ತಾಗದಂತೆ ಕಟ್ಟೆ ಕಟ್ಟಿಸಿ. ಬಕೆಟ್ ನೆಲದ ಮೇಲೆ ಬೇಡ, ಕೂತವರ ಮೊಣಕಾಲ ಎತ್ತರದ ಕಲ್ಲಿನ ಮೇಲಿರಲಿ.

ತುಂಬಾ ಜನ ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತೆಟರ್ ಅನ್ನುವ ಸಣ್ಣ ಕೊಳವೆ ಹಾಕಿಕೊಂಡು ಮೂತ್ರ ತೆಗೆಯಬೇಕಾಗುತ್ತದೆ. ಅದಕ್ಕೆ ಕೈಗೆ ಸಿಗುವಂತೆ ಒಂದು ಒಣಗಿದ ಕಪಾಟು, ಸೋಪು, ಒಳ್ಳೆಯ ಬೆಳಕು ಇಡಿ. ಹೆಂಗಸರಿಗಾದರೆ ಒಂದು ಕನ್ನಡಿಯೂ ಬೇಕು. ಜೊತೆಗೆ ನೆಲದಿಂದ ಒಂದು ಅಡಿ ಮೇಲೆ ಸಿಗುವಂತೆ ಕರೆಗಂಟೆಯ ದಾರ ಇಳಿಬಿಡಿ, ಬಿದ್ದರೂ ಎಳೆಯಲು ಆಗಬೇಕು. ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರ ಕಟ್ಟಿಕೊಂಡರೆ, ಮಲ ಕಟ್ಟಿಕೊಂಡರೆ ಇದ್ದಕ್ಕಿದ್ದಂತೆ ಬಿಪಿ ಏರಿ ತಲೆ ಸಿಡಿಯುವಷ್ಟು ನೋವು, ಮುಖ ಕೆಂಪಾಗುವುದು, ಬೆವರು ಬರುತ್ತದೆ. ಆಗ ಮಲಗಿಸಬೇಡಿ. ನೇರ ಕೂರಿಸಿ, ಬಿಗಿ ಬಟ್ಟೆ ಸಡಿಲ ಮಾಡಿ, ಕ್ಯಾತೆಟರ್ ಮಡಚಿದೆಯಾ ನೋಡಿ, ಕಡಿಮೆಯಾಗದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮನೆಯ ಎಲ್ಲರಿಗೂ ಇದು ಬಾಯಿಪಾಠ ಆಗಿರಲಿ.

ಮಂಚ, ಅಡುಗೆಮನೆ

ಮಂಚ ಚೇರಿನ ಎತ್ತರಕ್ಕೇ ಇರಬೇಕು. ತಗ್ಗಿದ್ದರೆ ಕಾಲಿನ ಕೆಳಗೆ ಮರದ ತುಂಡು ಕೊಡಿ. ಅದರಲ್ಲಿ ಮಂಚದ ಕಾಲು ಕೂರುವಂತೆ ಗುಳಿ ತೋಡಿಸಿ, ಇಲ್ಲವಾದರೆ ಜಾರುತ್ತದೆ. ಮಂಚದ ಒಂದು ಬದಿಗಾದರೂ ಚೇರ್ ಓರೆಯಾಗಿ ನಿಲ್ಲಲು ನಾಲ್ಕೈದು ಅಡಿ ಜಾಗ ಇರಲಿ. ಒತ್ತುಹುಣ್ಣು ಆಗದಿರಲು ಗಾಳಿ ತುಂಬುವ ಹಾಸಿಗೆ ಕೊಟ್ಟಿದ್ದರೆ ಅದರ ಪಂಪ್ ಕರೆಂಟಿನಲ್ಲಿ ನಡೆಯುತ್ತದೆ ಅನ್ನುವುದು ನೆನಪಿರಲಿ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋಗುವ ಊರಲ್ಲಿ ಆ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಕೊಡಿಸಿ. ಯಾವ ಹಾಸಿಗೆ ಇದ್ದರೂ ರಾತ್ರಿ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ, ಶುರುವಿನಲ್ಲಿ ಎರಡು ಗಂಟೆಗೊಮ್ಮೆ. ಹಗಲು ಚೇರಿನಲ್ಲಿ ಕೂತಾಗಲೂ ಅರ್ಧ ಗಂಟೆಯೊಳಗೆ ಒಂದು ಸಲ ಮುಂದಕ್ಕೆ ಬಾಗಿ ಭಾರ ಬಿಡಬೇಕು.

ಇನ್ನೊಂದು ಮಾತು, ಮಂಚವನ್ನು ಗೋಡೆ ಕಾಣುವ ಹಾಗೆ ಹಾಕಬೇಡಿ. ಅಣ್ಣನ ಮಂಚ ತಿರುಗಿಸಿ ಕಿಟಕಿಗೆ ಮುಖ ಮಾಡಿದ ದಿನ, ಅಂಗಳದಲ್ಲಿ ಅಡಿಕೆ ಒಣಗಿಸುವವರಿಗೆ ಒಳಗಿಂದಲೇ ಮೋಡ ಬಂತು ಅಂತ ಹೇಳಲು ಶುರು ಮಾಡಿದ.

ಅಡುಗೆ ಮಾಡುವವರಿಗೆ ಪೆಟ್ಟಾಗಿದ್ದರೆ ಇಡೀ ಅಡುಗೆಮನೆ ಒಡೆಯಬೇಕಿಲ್ಲ. ಒಂದು ಬದಿಯಲ್ಲಿ ಎರಡೂವರೆ ಅಡಿ ಎತ್ತರದ, ಕೆಳಗೆ ಮೊಣಕಾಲು ತೂರಿಸಲು ಖಾಲಿ ಇರುವ ಕಟ್ಟೆ ಮಾಡಿಸಿ. ಎರಡೂ ಒಲೆ ಅಕ್ಕಪಕ್ಕ ಇರಲಿ, ಒಂದರ ಬೆಂಕಿ ದಾಟಿ ಇನ್ನೊಂದಕ್ಕೆ ಕೈ ಚಾಚುವಂತಾಗಬಾರದು. ಬಿಸಿ ಪಾತ್ರೆಯನ್ನು ತೊಡೆ ಮೇಲಿಟ್ಟುಕೊಂಡು ಸಾಗಿಸುವ ಅಭ್ಯಾಸ ಬೇಡವೇ ಬೇಡ, ದಪ್ಪ ಮರದ ಹಲಗೆ ಇಟ್ಟ ಮೇಲೂ ಹುಷಾರು.

ಯಾರನ್ನು ಕೇಳುವುದು

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಸೀದಾ ಮನೆಗೆ ಬರುವ ಬದಲು, ಕೆಲವು ವಾರ ಪುನರ್ವಸತಿ ಕೇಂದ್ರದಲ್ಲಿದ್ದು ಬಂದರೆ ತುಂಬಾ ವ್ಯತ್ಯಾಸ ಆಗುತ್ತದೆ. ಮಂಚದಿಂದ ಚೇರಿಗೆ, ಚೇರಿನಿಂದ ಕಮೋಡ್‌ಗೆ ಸರಿಯುವುದನ್ನು ಅಲ್ಲಿ ಕಲಿಸುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ ಇದೆ, 1959ರಿಂದ ಅಂಗವಿಕಲರ ಜೊತೆ ಕೆಲಸ ಮಾಡುತ್ತಿರುವ ಎಪಿಡಿ ಸಂಸ್ಥೆ ಇದೆ. ಕರಾವಳಿ ಕಡೆಯವರಿಗೆ ಬೆಳ್ತಂಗಡಿ ತಾಲೂಕಿನ ಸೌತಡ್ಕದಲ್ಲಿ ಸೇವಾಭಾರತಿಯ ಸೇವಾಧಾಮ ಇದೆ. ನಮ್ಮ ಕಡೆಯಿಂದ ಎಷ್ಟೋ ಜನ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೂ ಹೋಗುತ್ತಾರೆ. ಅಲ್ಲಿನ ಪುನರ್ವಸತಿ ಸಂಸ್ಥೆಯನ್ನು 1966ರಲ್ಲಿ ಕಟ್ಟಿದ ಡಾಕ್ಟರ್ ಮೇರಿ ವರ್ಗೀಸ್ ಅವರೇ 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್‌ನಲ್ಲಿದ್ದವರು, ಅದರಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡುತ್ತಿದ್ದರು. ಇದನ್ನು ಕೇಳಿದ ದಿನ ಅಣ್ಣ ತುಂಬಾ ಹೊತ್ತು ಸುಮ್ನೆ ಕೂತಿದ್ದ, ಆಮೇಲೆ "ನಂಗೂ ತೋಟದ ಲೆಕ್ಕದ ಪುಸ್ತಕ ತಂದ್ಕೊಡು" ಅಂದ.

ದುಡ್ಡಿನ ವಿಷಯ. ಮೊದಲು ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿ, ಅದಿಲ್ಲದೆ ಹೆಚ್ಚಿನ ಸೌಲಭ್ಯ ಸಿಗುವುದಿಲ್ಲ. ವೀಲ್‌ಚೇರ್‌ನಂಥ ಸಾಧನಗಳಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಶೇ. 5ರಷ್ಟು ಹಣ ತೆಗೆದಿಡುತ್ತಾರೆ. ರ‍್ಯಾಂಪ್, ಶೌಚಾಲಯಕ್ಕೆ ಅದರಲ್ಲಿ ನೆರವು ಸಿಗುತ್ತದೆಯಾ ಅಂತ ಅರ್ಜಿ ಬರೆದುಕೊಟ್ಟೇ ಕೇಳಿ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಎಷ್ಟೋ ಸಲ ಅವರೂ ಅಂಗವಿಕಲರೇ ಆಗಿರುವುದರಿಂದ ಕಷ್ಟ ಬೇಗ ಅರ್ಥವಾಗುತ್ತದೆ.

ಕೆಲಸ ನಡೆಯುವಾಗ ಒಂದು ಮಾತ್ರ ಬಿಡಬೇಡಿ: ಪ್ರತಿ ಹಂತದಲ್ಲೂ ಚೇರಿನಲ್ಲಿ ಕೂರುವವರನ್ನೇ ಕರೆದು ತೋರಿಸಿ. ಹಿಡಿಕೆ ಎಲ್ಲಿ ಬೇಕು, ನಲ್ಲಿ ಎಷ್ಟು ಎತ್ತರ ಬೇಕು ಅಂತ ಅವರೇ ಹೇಳಲಿ. ಅವರು ಹಾಸಿಗೆಯಲ್ಲಿರುವಾಗ ಮನೆಯವರೆಲ್ಲ ಬಾಗಿಲಾಚೆ ನಿಂತು ತೀರ್ಮಾನ ಮಾಡುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ.

ಅತ್ತಿಗೆಯ ನೋಟ್‌ಬುಕ್ಕಿನಲ್ಲಿ ಈಗ ಉಳಿದಿರುವುದು ನಾಲ್ಕು. ಮೊದಲನೆಯದು ತೋಟಕ್ಕೆ ಇಳಿಯುವುದು. ತೋಟ ಮನೆಯಿಂದ 7 ಅಡಿ ಕೆಳಗಿದೆ, ಅಂದರೆ 84 ಇಂಚಿಗೆ 84 ಅಡಿ ದಾರಿ, 30 ಅಡಿಗೊಂದು ಸಮತಟ್ಟು, ಎರಡು ತಿರುವು. ಅಣ್ಣನೇ ಜಗಲಿಯ ತುದಿಯಲ್ಲಿ ಚೇರ್ ನಿಲ್ಲಿಸಿಕೊಂಡು ಹಗ್ಗ ಎಲ್ಲಿಂದ ಎಲ್ಲಿಗೆ ಹಿಡಿಯಬೇಕು ಅಂತ ಹೇಳಿದ. ಕೆಂಪುಕಲ್ಲು ಬಂದು ಬಿದ್ದಿದೆ, ಮಳೆ ನಿಂತ ಕೂಡಲೇ ಕೆಲಸ ಶುರು.